ರೀಲಿನ ಡಬ್ಬ ಯಾರ ಕೈಯಲ್ಲಿ? ಅಮೆರಿಕದ ಕಪ್ಪು ಸಿನಿಮಾದಲ್ಲಿ ಚಿತ್ರಣ ಮತ್ತು ಹಂಚಿಕೆ

1970ರ ದಶಕದಲ್ಲಿ ಮ್ಯಾಡ್ರಿಡ್‌ನ ಚಲನಚಿತ್ರ ಭಂಡಾರದಲ್ಲಿ 'ಲಾ ನೆಗ್ರಾ' ಎಂಬ ಮೂಕಿ ಚಿತ್ರದ ಪ್ರತಿಯೊಂದು ಪತ್ತೆಯಾಯಿತು. ಪರಿಶೀಲಿಸಿದಾಗ ಅದು ಆಸ್ಕರ್ ಮಿಶೋ 1920ರಲ್ಲಿ ನಿರ್ಮಿಸಿ ನಿರ್ದೇಶಿಸಿದ 'ವಿದಿನ್ ಅವರ್ ಗೇಟ್ಸ್' ಎಂದು ತಿಳಿದುಬಂತು. ಆಫ್ರಿಕನ್ ಅಮೆರಿಕನ್ ನಿರ್ದೇಶಕರ ಪೂರ್ಣಪ್ರಮಾಣದ ಚಿತ್ರಗಳಲ್ಲಿ ಇಂದು ಉಳಿದಿರುವ ಅತ್ಯಂತ ಹಳೆಯದು ಇದೇ. ಅದನ್ನು ತಯಾರಿಸಿದ ದೇಶದಲ್ಲಿ ಒಂದು ಪ್ರತಿಯೂ ಉಳಿದಿರಲಿಲ್ಲ. ಸಿಕ್ಕ ಪ್ರತಿಯಲ್ಲಿ ನಡುವೆ ಬರುವ ಬರಹದ ಫಲಕಗಳು ಬಹುಪಾಲು ಸ್ಪ್ಯಾನಿಷ್‌ನಲ್ಲಿದ್ದವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1993ರಲ್ಲಿ ಚಿತ್ರವನ್ನು ಸರಿಪಡಿಸಿದಾಗ ಆ ಮಾತುಗಳನ್ನೆಲ್ಲ ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕಾಯಿತು. ನಾವು ಇಂದು ಓದುವ ಮಿಶೋ ಅವರ ಮಾತು ಹೀಗೆ ಅನುವಾದದ ಅನುವಾದ.

ಕಪ್ಪು ಜನರ ಚಿತ್ರಣವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ತೆರೆಯ ಮೇಲಿನ ಪಾತ್ರದಿಂದ ಶುರುವಾಗುತ್ತದೆ. ಚಲನಚಿತ್ರ ಇತಿಹಾಸಕಾರ ಡೊನಾಲ್ಡ್ ಬೋಗಲ್ 1973ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಹಾಲಿವುಡ್‌ನ ಕಪ್ಪು ಪಾತ್ರಗಳನ್ನು ಐದು ಅಚ್ಚುಗಳಲ್ಲಿ ವಿಂಗಡಿಸಿದರು: ನಿಷ್ಠಾವಂತ ಆಳು, ನಗೆಪಾಟಲಿನ ಪೆದ್ದ, ಮಿಶ್ರರಕ್ತದ ದುರಂತ ನಾಯಕಿ, ದಪ್ಪ ಮೈಯ ಅಡುಗೆಯವಳು, ಕಾಮಾತುರನಾದ ಗಂಡು. ಈ ವಿಂಗಡಣೆ ಇಂದಿಗೂ ಉಪಯುಕ್ತ. ಆದರೆ ಬದಲಿ ಅಚ್ಚುಗಳನ್ನು ಎರಕ ಹೊಯ್ದವರು ನೂರು ವರ್ಷಗಳ ಹಿಂದೆಯೇ ಇದ್ದರು. ಅವರ ಚಿತ್ರಗಳು ಜನರನ್ನು ಮುಟ್ಟಲಿಲ್ಲವೇಕೆ, ಮುಟ್ಟಿದವು ಉಳಿಯಲಿಲ್ಲವೇಕೆ ಎಂಬುದಕ್ಕೆ ಪಾತ್ರಗಳ ಪಟ್ಟಿಯಲ್ಲಿ ಉತ್ತರವಿಲ್ಲ. ಚಿತ್ರಣದ ಇತಿಹಾಸವನ್ನು ಹಂಚಿಕೆಯ ಇತಿಹಾಸವಾಗಿ, ಅಂದರೆ ರೀಲಿನ ಡಬ್ಬ ಯಾರ ಕೈಯಿಂದ ಯಾವ ಥಿಯೇಟರಿಗೆ ಹೋಯಿತೆಂಬ ಲೆಕ್ಕವಾಗಿ ಓದಬೇಕೆಂಬುದು ನನ್ನ ವಾದ. ಪದದ ಬಗ್ಗೆ ಒಂದು ಮಾತು. ನಮ್ಮ ಹಳೆಯ ಬರವಣಿಗೆಯಲ್ಲಿ 'ನೀಗ್ರೋ' ಸಲೀಸಾಗಿ ಬಳಕೆಯಾಗಿದೆ. 'ಕರಿಯ' ಎನ್ನುವುದರಲ್ಲಿ ಸಲಿಗೆಯೂ ಇದೆ, ತಾತ್ಸಾರವೂ ಇದೆ. ಅವೆರಡನ್ನೂ ಬಿಟ್ಟು 'ಕಪ್ಪು ಜನ' ಎಂದೇ ಬರೆದಿದ್ದೇನೆ.

ಡಿ. ಡಬ್ಲ್ಯು. ಗ್ರಿಫಿತ್ ಅವರ 'ದಿ ಬರ್ತ್ ಆಫ್ ಎ ನೇಷನ್' 1915ರಲ್ಲಿ ಬಂತು. ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು ಅದರಲ್ಲಿ ಕಪ್ಪು ಅತ್ಯಾಚಾರಿಗಳಾದರು, ಬಿಳಿಯ ಜನಾಂಗವಾದಿಗಳ ಸಂಘಟನೆ ಕು ಕ್ಲಕ್ಸ್ ಕ್ಲಾನ್ ರಕ್ಷಕ ಪಡೆಯಾಯಿತು. ಶ್ವೇತಭವನದಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಅದನ್ನು ನೋಡಿದರು. ಅದೇ ವರ್ಷ ಜಾರ್ಜಿಯಾದ ಸ್ಟೋನ್ ಮೌಂಟನ್‌ನಲ್ಲಿ ಕ್ಲಾನ್ ಮತ್ತೆ ಹುಟ್ಟಿತು. ಕಪ್ಪು ಜನರ ಹಕ್ಕುಗಳಿಗಾಗಿ 1909ರಲ್ಲಿ ಸ್ಥಾಪನೆಯಾಗಿದ್ದ ಸಂಘಟನೆ ಎನ್‌ಎಎಸಿಪಿ ಊರೂರಲ್ಲಿ ಪ್ರತಿಭಟಿಸಿ ನಿಷೇಧಕ್ಕೆ ಒತ್ತಾಯಿಸಿತು. ಕೆಲವೆಡೆ ಕತ್ತರಿ ಬಿತ್ತು, ಚಿತ್ರ ಮಾತ್ರ ಹಣದ ಹೊಳೆ ಹರಿಸಿತು.

ಸೆನ್ಸಾರ್ ಎಂಬ ಕತ್ತಿ ಎರಡೂ ಕಡೆ ಕೊಯ್ಯುತ್ತದೆ ಎಂಬುದು ಐದೇ ವರ್ಷಗಳಲ್ಲಿ ಗೊತ್ತಾಯಿತು. 'ವಿದಿನ್ ಅವರ್ ಗೇಟ್ಸ್' ಗ್ರಿಫಿತ್ ಅವರ ಕಥೆಯನ್ನು ತಿರುಗಿಸಿ ಹಿಡಿಯುತ್ತದೆ. ಇಲ್ಲಿ ಬಿಳಿಯರ ಗುಂಪು ಗೇಣಿ ರೈತ ಕುಟುಂಬವೊಂದರ ದಂಪತಿಯನ್ನು ನೇಣಿಗೇರಿಸುತ್ತದೆ. ಆ ಕುಟುಂಬದಲ್ಲಿ ಬೆಳೆದ ಕಪ್ಪು ಯುವತಿಯ ಮೇಲೆ ಕೈಮಾಡುವವನು ಬಿಳಿಯ, ಅವನೇ ಅವಳ ಹೆತ್ತ ತಂದೆಯೆಂಬುದು ಆ ಕ್ಷಣದಲ್ಲಿ ಬಯಲಾಗುತ್ತದೆ. 1919ರ ಜನಾಂಗೀಯ ಗಲಭೆಯಿಂದ ಇನ್ನೂ ಚೇತರಿಸಿಕೊಳ್ಳದಿದ್ದ ಶಿಕಾಗೊದಲ್ಲಿ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿತು. ಮುಂದೆ ಚಿತ್ರ ಊರಿಗೊಂದು ರೂಪದಲ್ಲಿ, ಕೆಲವೆಡೆ ಕತ್ತರಿಸಿಕೊಂಡು, ತಿರುಗಾಡಿತು.

ಆ ತಿರುಗಾಟವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1884ರಲ್ಲಿ ಇಲಿನಾಯ್‌ನಲ್ಲಿ ಹುಟ್ಟಿದ ಮಿಶೋ ಪುಲ್‌ಮನ್ ರೈಲು ಡಬ್ಬಿಗಳಲ್ಲಿ ಪೋರ್ಟರ್ ಆಗಿದ್ದವರು, ಸೌತ್ ಡಕೋಟಾದಲ್ಲಿ ಬೀಳು ನೆಲ ಉತ್ತವರು, ತಾವೇ ಬರೆದ ಕಾದಂಬರಿಗಳನ್ನು ಮನೆಬಾಗಿಲಿಗೆ ಹೊತ್ತು ಮಾರಿದವರು. 'ದಿ ಹೋಮ್‌ಸ್ಟೆಡರ್' ಕಾದಂಬರಿಯನ್ನು ಚಿತ್ರ ಮಾಡಲು ಜಾನ್ಸನ್ ಸಹೋದರರ ಲಿಂಕನ್ ಮೋಷನ್ ಪಿಕ್ಚರ್ ಕಂಪನಿ ಮುಂದೆ ಬಂದಾಗ, ನಿರ್ದೇಶನ ತಮ್ಮದೇ ಆಗಬೇಕೆಂದು ಹಠ ಹಿಡಿದರು, ಮಾತುಕತೆ ಮುರಿಯಿತು. ಆಗ ಅವರು ಸೂ ಸಿಟಿಯ ಸುತ್ತಮುತ್ತಲಿನ ರೈತರಿಗೆ ಷೇರು ಮಾರಿ ಬಂಡವಾಳ ಕೂಡಿಸಿದರು. ಕೊಂಡವರಲ್ಲಿ ಬಿಳಿಯ ರೈತರೂ ಇದ್ದರು. 1919ರಲ್ಲಿ ಚಿತ್ರ ಬಿಡುಗಡೆಯಾಯಿತು. ಆಮೇಲಿನ ವ್ಯವಹಾರವೂ ಇದೇ ಜಾಡಿನದು. ಒಂದು ಚಿತ್ರ ತೋರಿಸಲು ಹೋದಾಗಲೇ ಮುಂದಿನದರ ಫೋಟೋಗಳನ್ನು ಥಿಯೇಟರ್ ಮಾಲೀಕರ ಮುಂದಿಟ್ಟು ಮುಂಗಡ ಪಡೆಯುವುದು. ದಕ್ಷಿಣದ ಊರುಗಳಲ್ಲಿ ಬಿಳಿಯರ ಥಿಯೇಟರುಗಳು ನಡುರಾತ್ರಿಯ ಆಟವನ್ನಷ್ಟೇ ಕಪ್ಪು ಪ್ರೇಕ್ಷಕರಿಗೆ ಬಿಟ್ಟುಕೊಡುತ್ತಿದ್ದವು. ಟೂರಿಂಗ್ ಟಾಕೀಸಿನ ಕಾಲ ಕಂಡ ನಮ್ಮ ಹಿರಿಯರಿಗೆ ಡಬ್ಬ ಹೊತ್ತು ತಿರುಗುವುದು ಹೊಸದಲ್ಲ. ಇಲ್ಲಿ ವ್ಯತ್ಯಾಸವೆಂದರೆ, ನಿರ್ದೇಶಕನೇ ಹೊರುವಾಳು. ಮಿಶೋ 40ಕ್ಕೂ ಹೆಚ್ಚು ಚಿತ್ರ ಮಾಡಿದರು. ಗಾಯಕ, ನಟ ಪಾಲ್ ರೋಬ್‌ಸನ್ ಮೊದಲು ತೆರೆಗೆ ಬಂದದ್ದು ಅವರ 1925ರ 'ಬಾಡಿ ಅಂಡ್ ಸೋಲ್' ಚಿತ್ರದಲ್ಲಿ. ಕೆಲವೇ ಪ್ರತಿಗಳು ಊರೂರು ಸುತ್ತಿ ಸವೆಯುವ ಈ ವ್ಯವಸ್ಥೆಯಲ್ಲಿ ಹೆಚ್ಚಿನವು ಅಳಿದುಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಕ್ಯಾಮೆರಾ ಕಪ್ಪು ಕೈಗೆ ಬಂದೊಡನೆ ಚಿತ್ರಣ ನ್ಯಾಯವಾಗುತ್ತದೆ ಎಂದೇನೂ ಇಲ್ಲ. ಮಿಶೋ ಅವರ ನಾಯಕ ನಾಯಕಿಯರು ಹೆಚ್ಚಾಗಿ ತಿಳಿಬಣ್ಣದವರು. ಜೂಜುಕೋರ, ಕಪಟಿ ಪಾದ್ರಿ ಮುಂತಾದವರನ್ನು ಅವರು ದಾಕ್ಷಿಣ್ಯವಿಲ್ಲದೆ ತೋರಿಸಿದರು. 1938ರ 'ಗಾಡ್ಸ್ ಸ್ಟೆಪ್ ಚಿಲ್ಡ್ರನ್' ವಿರುದ್ಧ ಹಾರ್ಲೆಮ್‌ನಲ್ಲಿ ಪ್ರತಿಭಟನೆಯೇ ನಡೆಯಿತು. ಅಷ್ಟು ಹೊತ್ತಿಗೆ ಅವರು ದಿವಾಳಿಯಾಗಿ, ಬಿಳಿಯ ಥಿಯೇಟರ್ ಮಾಲೀಕರ ಹಣದಲ್ಲಿ ಚಿತ್ರ ಮಾಡುವಂತಾಗಿತ್ತು. ಆದರೂ ತಮ್ಮವರಲ್ಲೇ ಒಬ್ಬ ಮಾಡಿದ ಚಿತ್ರದೊಂದಿಗೆ ಜಗಳವಾಡುವ ಅವಕಾಶ ಕಪ್ಪು ಪ್ರೇಕ್ಷಕರಿಗೆ ಸಿಕ್ಕಿತ್ತು. ಅದು ಸಣ್ಣದಲ್ಲ.

ಹಾಲಿವುಡ್‌ನ ಒಳಗಿನ ಕಥೆ ಹೆಚ್ಚು ಪರಿಚಿತ, ಬೇಗ ದಾಟಬಹುದು. 'ಗಾನ್ ವಿತ್ ದಿ ವಿಂಡ್' ಚಿತ್ರದ ಮನೆಗೆಲಸದಾಕೆಯ ಪಾತ್ರಕ್ಕೆ ಹ್ಯಾಟಿ ಮ್ಯಾಕ್‌ಡ್ಯಾನಿಯಲ್ 1940ರಲ್ಲಿ ಆಸ್ಕರ್ ಪಡೆದರು. ಆ ಗೌರವ ಪಡೆದ ಮೊದಲ ಕಪ್ಪು ಕಲಾವಿದೆ. ಸಮಾರಂಭ ನಡೆದ ಹೋಟೆಲಿನಲ್ಲಿ ಅವರನ್ನು ಕೂರಿಸಿದ್ದು ಗೋಡೆ ಬದಿಯ ಬೇರೆ ಮೇಜಿನಲ್ಲಿ. ಎರಡು ವರ್ಷದ ಬಳಿಕ ಎನ್‌ಎಎಸಿಪಿಯ ವಾಲ್ಟರ್ ವೈಟ್ ಸ್ಟುಡಿಯೊಗಳ ಜೊತೆ ಮಾತಾಡಿ ಆಳುಕಾಳಿನ ಪಾತ್ರ ಕಡಿಮೆ ಮಾಡಿಸಲು ಹೊರಟಾಗ, ವಿರೋಧಿಸಿದವರಲ್ಲಿ ಮ್ಯಾಕ್‌ಡ್ಯಾನಿಯಲ್ ಕೂಡ ಒಬ್ಬರು. ಆ ಪಾತ್ರಗಳು ಹೋದರೆ ಹೊಟ್ಟೆಗೇನು ಎಂಬುದು ನಟರ ಪ್ರಶ್ನೆ. ಅದು ಸ್ವಾರ್ಥವೆಂದು ತಳ್ಳಿಹಾಕಿದ ವಿಮರ್ಶಕರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಪಾತ್ರ ಹಂಚುವ ಕೈ ಹಾಗೆಯೇ ಉಳಿದು ಪಾತ್ರ ಮಾತ್ರ ಬದಲಾಗಲಿ ಎಂಬ ಬೇಡಿಕೆಯ ಮಿತಿಯನ್ನು ಆ ಪ್ರಶ್ನೆ ಸರಿಯಾಗಿಯೇ ಮುಟ್ಟಿತ್ತು.

ಪಾತ್ರ ಹಂಚುವ ಕೈಯಲ್ಲಷ್ಟೇ ಅಲ್ಲ, ಫಿಲ್ಮಿನಲ್ಲೂ ಪಕ್ಷಪಾತ ಅಡಗಿತ್ತು. ಕೊಡಾಕ್ ಕಂಪನಿ ಬಣ್ಣ ಹೊಂದಿಸಲು ಲ್ಯಾಬುಗಳಿಗೆ ಕಳಿಸುತ್ತಿದ್ದ 'ಶರ್ಲಿ' ಕಾರ್ಡಿನಲ್ಲಿದ್ದದ್ದು ಬಿಳಿಯ ಹೆಣ್ಣಿನ ಮುಖ. ಆ ಅಳತೆಗೆ ಹೊಂದಿಸಿದ ಫಿಲ್ಮಿನಲ್ಲಿ ಕಪ್ಪು ಮುಖ ಕಣ್ಣು ಹಲ್ಲುಗಳಷ್ಟೇ ಆಗುತ್ತಿತ್ತು. ಕಂದು ಬಣ್ಣದ ಛಾಯೆಗಳನ್ನು ಸುಧಾರಿಸಲು ಕಂಪನಿಯನ್ನು ಒತ್ತಾಯಿಸಿದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರು ಇದ್ದರೆಂದು ಸಂಶೋಧಕಿ ಲೋರ್ನಾ ರಾತ್ ದಾಖಲಿಸಿದ್ದಾರೆ.

1971ರಲ್ಲಿ ಮೆಲ್ವಿನ್ ವ್ಯಾನ್ ಪೀಬಲ್ಸ್ ಸ್ವಂತ ದುಡ್ಡು, ಸಾಲಗಳನ್ನು ಕೂಡಿಸಿ ಮಾಡಿದ 'ಸ್ವೀಟ್ ಸ್ವೀಟ್‌ಬ್ಯಾಕ್ಸ್ ಬಾಡಾಸ್ಸ್ ಸಾಂಗ್' ಮೊದಲು ತೆರೆಕಂಡದ್ದು ಡೆಟ್ರಾಯಿಟ್ ಮತ್ತು ಅಟ್ಲಾಂಟಾದ ಎರಡೇ ಥಿಯೇಟರುಗಳಲ್ಲಿ. ಗಳಿಕೆ ಒಂದು ಕೋಟಿ ಡಾಲರ್ ದಾಟಿತು. ಸ್ಟುಡಿಯೊಗಳು ಇದರಿಂದ ಕಲಿತದ್ದು ಕಪ್ಪು ಪ್ರೇಕ್ಷಕನ ಜೇಬಿನಲ್ಲಿ ದುಡ್ಡಿದೆ ಎಂಬುದನ್ನು ಮಾತ್ರ. ಕೋವಿ, ಮಾದಕ ವಸ್ತು, ತೊಗಲು ಕೋಟುಗಳ ಚಿತ್ರಗಳು ಕೆಲವು ವರ್ಷ ಸಾಲಾಗಿ ಬಂದು, ಆ ದಶಕ ಮುಗಿಯುವ ಮೊದಲೇ ನಿಂತುಹೋದವು.

ಅದೇ ಹೊತ್ತಿಗೆ ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಚಾರ್ಲ್ಸ್ ಬರ್ನೆಟ್, ಹೈಲೆ ಗೆರಿಮಾ, ಬಿಲ್ಲಿ ವುಡ್‌ಬೆರಿ, ಜೂಲಿ ಡ್ಯಾಶ್ ಮೊದಲಾದವರು ಬೇರೆ ದಾರಿ ಹಿಡಿದರು. 'ಎಲ್.ಎ. ರೆಬೆಲಿಯನ್' ಎಂದು ಈ ಬಳಗಕ್ಕೆ ಆಮೇಲೆ ಹೆಸರು ಬಂತು. ಡ್ಯಾಶ್ ಅವರ 'ಡಾಟರ್ಸ್ ಆಫ್ ದಿ ಡಸ್ಟ್' (1991) ಆಫ್ರಿಕನ್ ಅಮೆರಿಕನ್ ಮಹಿಳೆ ನಿರ್ದೇಶಿಸಿ ಅಮೆರಿಕದ ಥಿಯೇಟರುಗಳಲ್ಲಿ ವ್ಯಾಪಕವಾಗಿ ಬಿಡುಗಡೆಯಾದ ಮೊದಲ ಕಥಾಚಿತ್ರ. 1902ರಲ್ಲಿ ಕಡಲ ದ್ವೀಪ ಬಿಟ್ಟು ಉತ್ತರಕ್ಕೆ ಹೊರಟ, ಗಲ್ಲಾ ಎಂಬ ಕಪ್ಪು ಸಮುದಾಯದ ಕುಟುಂಬದ ಕಥೆ ಅದು; ಗುಲಾಮಗಿರಿಯಲ್ಲಿ ನೀಲಿ ಬಣ್ಣ ತಯಾರಿಸಿದ ಅಜ್ಜಿಯ ಅಂಗೈಯಲ್ಲಿ ನೀಲಿಯ ಕಲೆ ಇನ್ನೂ ಮಾಸಿಲ್ಲ. ವಾಸ್ತವದಲ್ಲಿ ಕಲೆ ಹಾಗೆ ಉಳಿಯಲಾರದು. ಗುಲಾಮಗಿರಿಯನ್ನು ಸಂಕೋಲೆಯಿಂದಲ್ಲದೆ ಬಣ್ಣದ ನೆನಪಿನಿಂದ ಹೇಳಲು ಡ್ಯಾಶ್ ತಾವೇ ಕಟ್ಟಿಕೊಂಡ ಪ್ರತಿಮೆ ಇದು. ಇಷ್ಟಾದರೂ ಅವರ ಮುಂದಿನ ದುಡಿಮೆ ಬಹುಪಾಲು ಟೆಲಿವಿಷನ್‌ಗೆ ಸರಿಯಬೇಕಾಯಿತು.

ಗೆರಿಮಾ ಅವರದು ಮಿಶೋ ದಾರಿಯ ಮರುಪಯಣ. ಇಥಿಯೋಪಿಯದಿಂದ ಬಂದು ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಅವರ 'ಸಂಕೋಫ' 1993ರಲ್ಲಿ ಬರ್ಲಿನ್ ಉತ್ಸವದ ಸ್ಪರ್ಧೆಯಲ್ಲಿತ್ತು, ಆದರೆ ಅಮೆರಿಕದಲ್ಲಿ ಕೊಳ್ಳುವ ಹಂಚಿಕೆದಾರರಿರಲಿಲ್ಲ. ಅವರು ವಾಷಿಂಗ್ಟನ್‌ನಲ್ಲಿ ಥಿಯೇಟರನ್ನೇ ಬಾಡಿಗೆಗೆ ಹಿಡಿದರು. ಬಳಿಕ ನಗರ ನಗರಗಳಲ್ಲಿ ಸ್ಥಳೀಯ ಕಪ್ಪು ಸಮುದಾಯದವರೇ ಮುಂದೆ ನಿಂತು ಆಟ ಏರ್ಪಡಿಸಿ ಟಿಕೆಟ್ ಮಾರಿದರು. ವಿಶ್ವವಿದ್ಯಾಲಯದ ಎದುರಿನ ಜಾರ್ಜಿಯಾ ಅವೆನ್ಯೂದಲ್ಲಿ 'ಸಂಕೋಫ' ಹೆಸರಿನದೇ ಪುಸ್ತಕ, ವೀಡಿಯೊ ಅಂಗಡಿ ತೆರೆಯಿತು. 2010ರಲ್ಲಿ ಏವಾ ಡುವರ್ನೆ ಕಪ್ಪು ಚಿತ್ರೋತ್ಸವಗಳನ್ನು ಒಗ್ಗೂಡಿಸಿ ಕಟ್ಟಿದ ಹಂಚಿಕೆ ಸಂಸ್ಥೆ, ಮುಂದೆ 'ಅರೇ' ಎಂದು ಹೆಸರಾದದ್ದು, ಇದೇ ಜಾಡಿನ ಮುಂದುವರಿಕೆ. ಸಿನಿಮಾ ಪ್ರಚಾರ ವೃತ್ತಿಯಿಂದ ಬಂದ ಡುವರ್ನೆ ಅವರಿಗೆ ಬಿಡುಗಡೆಯ ಒಳಗುಟ್ಟು ಗೊತ್ತಿತ್ತು. 2021ರಲ್ಲಿ 'ಸಂಕೋಫ'ವನ್ನು ನೆಟ್‌ಫ್ಲಿಕ್ಸ್‌ಗೆ ತಲುಪಿಸಿದ್ದು ಅವರ ಸಂಸ್ಥೆಯೇ.

ಬರ್ನೆಟ್ ಅವರ 'ಕಿಲ್ಲರ್ ಆಫ್ ಶೀಪ್' ಬಗ್ಗೆ ಹೇಳುವುದನ್ನು ಕೊನೆಗೆ ಉಳಿಸಿಕೊಂಡೆ. 1977ರಲ್ಲಿ ಪದವಿಗಾಗಿ ಸಲ್ಲಿಸಿದ ಈ ಕಪ್ಪು-ಬಿಳುಪು ಚಿತ್ರವನ್ನು 10,000 ಡಾಲರಿಗೂ ಕಡಿಮೆ ವೆಚ್ಚದಲ್ಲಿ, ಲಾಸ್ ಏಂಜಲಿಸ್‌ನ ವಾಟ್ಸ್ ಬಡಾವಣೆಯಲ್ಲಿ, ವಾರಾಂತ್ಯಗಳಲ್ಲಿ ಚಿತ್ರಿಸಲಾಗಿತ್ತು. ಕಸಾಯಿಖಾನೆಯಲ್ಲಿ ದುಡಿಯುವ ಸ್ಟ್ಯಾನ್‌ಗೆ ನಿದ್ದೆ ಬರುವುದಿಲ್ಲ. ಅವನು ಯಾರನ್ನೂ ಕೊಲ್ಲುವುದಿಲ್ಲ, ಯಾರಿಂದಲೂ ಕೊಲೆಯಾಗುವುದಿಲ್ಲ, ಬೋಗಲ್ ಅವರ ಐದು ಅಚ್ಚುಗಳಲ್ಲಿ ಒಂದರೊಳಗೂ ಹಿಡಿಸುವುದಿಲ್ಲ. ಕೊಂಡ ಹಳೆಯ ಎಂಜಿನ್ನು ಗಾಡಿಯಿಂದ ಜಾರಿ ಬೀಳುವುದು, ಹೆಂಡತಿಯೊಡನೆ ಮೌನವಾಗಿ ಹೆಜ್ಜೆ ಹಾಕುವುದು, ಮಕ್ಕಳು ತಾರಸಿಯಿಂದ ತಾರಸಿಗೆ ಹಾರುವುದು, ಇಷ್ಟೇ ನಡೆಯುವುದು. ಬರ್ನೆಟ್ ಹಿನ್ನೆಲೆಗೆ ತಮ್ಮವರ ಸಂಗೀತದ ತಟ್ಟೆಗಳನ್ನು ಬಳಸಿದ್ದರು. ಅವುಗಳ ಹಕ್ಕು ಅವರಲ್ಲಿರಲಿಲ್ಲ. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ 1990ರಲ್ಲೇ ಸೇರಿದ ಚಿತ್ರ ಥಿಯೇಟರಿಗೆ ಬಂದದ್ದು 2007ರಲ್ಲಿ, ಹಾಡುಗಳ ಹಕ್ಕಿಗೆ 1,50,000 ಡಾಲರ್ ತೆತ್ತ ಮೇಲೆ. ಆಗಲೂ ಒಂದು ಹಾಡು ಕೈಗೆ ಸಿಗಲಿಲ್ಲ: ಕೊನೆಯ ದೃಶ್ಯಕ್ಕೆ ಬರ್ನೆಟ್ ಆರಿಸಿದ್ದ, ಗಾಯಕಿ ಡೈನಾ ವಾಷಿಂಗ್ಟನ್ ಅವರ 'ಅನ್‌ಫರ್ಗೆಟೆಬಲ್'. ಅದರ ಜಾಗಕ್ಕೆ ಚಿತ್ರದಲ್ಲಿ ಮೊದಲೇ ಬಂದಿದ್ದ ಆಕೆಯದೇ ಇನ್ನೊಂದು ಹಾಡನ್ನು ಮತ್ತೆ ಹಾಕಿದರು. 2025ರಲ್ಲಿ ಹೊರಬಂದ ಹೊಸ ಪ್ರತಿಯಲ್ಲಿ ಆ ಹಾಡು ತನ್ನ ಜಾಗಕ್ಕೆ ಮರಳಿದೆ.