ಷಾಂಘೈ ನಗರದ ಆಟದ ಬಯಲು

ವಾಚಕ ಮಹಾಶಯರೇ, ಊರ ನಡುವಣ ಉದ್ಯಾನಕ್ಕೆ ಆ ಊರಿನವರಿಗೇ ಪ್ರವೇಶವಿಲ್ಲವೆಂದರೆ ತಾವು ನಂಬುವಿರಾ? ಚೀನದ ಷಾಂಘೈಯಲ್ಲಿ ಹ್ವಾಂಗ್‌ಪು ಹೊಳೆಯ ದಂಡೆಯ ಉದ್ಯಾನದೊಳಕ್ಕೆ ಚೀನೀಯರನ್ನು ಬಿಟ್ಟದ್ದು 1928ರಲ್ಲಿ. ಅದಕ್ಕೆ ಮೊದಲು ಪರಂಗಿಯವರ ಮಕ್ಕಳನ್ನು ಆಡಿಸುವ ಆಯಾಗಳಿಗೆ ಅಡ್ಡಿಯಿರಲಿಲ್ಲ, ಅಷ್ಟೆ. ನಗರದ ನಡುಭಾಗವೆಲ್ಲ ಅನ್ಯದೇಶದವರ ಆಡಳಿತದಲ್ಲಿತ್ತು. ಅಲ್ಲಿಯೇ ಒಂದು ವಿಶಾಲವಾದ ಕುದುರೆಪಂದ್ಯದ ಮೈದಾನ. ಚೀನೀಯರು ಟಿಕೆಟ್ಟು ಕೊಂಡು ಪಂದ್ಯ ಕಟ್ಟಬಹುದಾಗಿತ್ತು, ಕ್ಲಬ್ಬಿನ ಸದಸ್ಯರಾಗುವಂತಿರಲಿಲ್ಲ. ಹಣಕ್ಕೆ ಮೈಲಿಗೆಯಿಲ್ಲವಷ್ಟೆ!

1929ರಲ್ಲಿ ಚೀನೀ ಪೌರಾಡಳಿತದವರು, ಕೈತಪ್ಪಿದ ನಡುಭಾಗದ ಹಂಬಲವನ್ನು ಬಿಟ್ಟು, ಜಿಯಾಂಗ್‌ವಾನ್ ಎಂಬ ಉತ್ತರದ ಬಯಲಿನಲ್ಲಿ ಬೇರೆಯೇ ನಗರಕೇಂದ್ರವನ್ನು ಕಟ್ಟಲು ಪಣತೊಟ್ಟರು. 1932ರ ಜನವರಿಯಲ್ಲಿ ಜಪಾನೀ ಸೇನೆ ಮೇಲೆರಗಲು ಕೆಲಸ ನಿಂತಿತು. ಗುಂಡಿನ ಸದ್ದು ಅಡಗಿದ ಮೇಲೆ ಮತ್ತೆ ಗಾರೆ ಕಲಸಿದರು.

ಕ್ರೀಡಾಂಗಣದ ಕೆಲಸ 1934ರಲ್ಲಿ ಮೊದಲಾಗಿ ಮರುವರ್ಷವೇ ಮುಗಿಯಿತು. ಅದನ್ನು ರೂಪಿಸಿದ ವಾಸ್ತುಶಿಲ್ಪಿ ಡೊಂಗ್ ದಾಯೂ, ಅಮೆರಿಕದಲ್ಲಿ ಓದಿ ಬಂದವರು. ಇದು ಬರಿಯ ಓಟದ ಬಯಲಲ್ಲ. ದೊಡ್ಡ ಕ್ರೀಡಾಂಗಣ, ಕಮಾನು ಚಾವಣಿಯ ವ್ಯಾಯಾಮಶಾಲೆ, ಈಜುಕೊಳ, ಎಲ್ಲವೂ ಒಂದೇ ಆವರಣದಲ್ಲಿ. ಕ್ರೀಡಾಂಗಣದಲ್ಲಿ 40,000 ಜನ ಕೂರಲು, ಇನ್ನೂ 20,000 ಜನ ನಿಲ್ಲಲು ಎಡೆ. ಗೋಡೆ ಕೆಂಪು ಇಟ್ಟಿಗೆಯದು, ಮೂರು ಕಮಾನುಗಳ ಹೆಬ್ಬಾಗಿಲಿಗೆ ಮಾತ್ರ ಚೀನದ ಹಳೆಯ ಕುಸುರಿ.

ಆ ಅಕ್ಟೋಬರಿನಲ್ಲೇ ಅಲ್ಲಿ ಆರನೆಯ ರಾಷ್ಟ್ರೀಯ ಕ್ರೀಡಾಕೂಟ. ಹೊಸ ಕೊಳದಲ್ಲಿ ಯಾಂಗ್ ಷಿಯುಚಿಯೊಂಗ್ ಎಂಬ ಹಾಂಗ್‌ಕಾಂಗಿನ ಹುಡುಗಿ ಈಜಿ ಗೆದ್ದಳು. ಒಂದೆರಡು ತಲೆಮಾರಿನ ಹಿಂದೆ ಹೆಣ್ಣುಮಗುವಿನ ಪಾದವನ್ನು ಬಟ್ಟೆಯಲ್ಲಿ ಬಿಗಿದು ಕುಗ್ಗಿಸುತ್ತಿದ್ದ ನಾಡು ಅದು ಎಂಬುದನ್ನು ತಾವು ನೆನೆಯಬೇಕು.

ಎರಡು ವರ್ಷ ತುಂಬಲಿಲ್ಲ. 1937ರ ಆಗಸ್ಟಿನಲ್ಲಿ ಯುದ್ಧ ಮತ್ತೆ ಷಾಂಘೈಗೆ ಬಂದಿತು. ಓಟಗಾರರು ಓಡಿದ ಬಯಲು ಗೆದ್ದ ಸೇನೆಗೆ ಮದ್ದುಗುಂಡಿನ ಉಗ್ರಾಣವಾಯಿತು. ಯುದ್ಧ ಮುಗಿದ ಬಳಿಕ, 1948ರ ಮೇ ತಿಂಗಳಲ್ಲಿ, ಏಳನೆಯ ಕೂಟವೂ ಇಲ್ಲಿಯೇ ಜರುಗಿತು. 1983ರಲ್ಲಿ ಇಲ್ಲಿ ನಡೆದದ್ದು ಐದನೆಯ ಕೂಟ! ತರಗತಿಯಲ್ಲಿ ಹೀಗೆ ಹೇಳಿದರೆ ಹುಡುಗರು ನಗುತ್ತಾರೆ. ತಪ್ಪಿಲ್ಲ, 1949ರಲ್ಲಿ ಬಂದ ಹೊಸ ಸರಕಾರ 1959ರಿಂದ ಎಣಿಕೆಯನ್ನು ಮೊದಲಿನಿಂದ ಹಿಡಿಯಿತು.

ಹೊಸ ನಗರಕೇಂದ್ರದ ಯೋಜನೆ ಪೂರ್ಣವಾಗಲೇ ಇಲ್ಲ. ಅತ್ತ ನಡುನಗರದ ಕುದುರೆ ಮೈದಾನ 1949ರ ತರುವಾಯ ಜನರ ಉದ್ಯಾನವೂ ಚೌಕವೂ ಆಯಿತು. ಜಿಯಾಂಗ್‌ವಾನಿನ ಕ್ರೀಡಾಂಗಣವಾದರೋ ನಿಂತಿದೆ. ಅದರ ಹೆಸರಿನ ನಿಲ್ದಾಣದಲ್ಲಿ 2010ರಿಂದ ನೆಲದಡಿಯ ರೈಲು ನಿಲ್ಲುತ್ತದೆ.