ವಾಚನಾಲಯಗಳಲ್ಲಿ ಸದ್ದು ನಿಯಂತ್ರಣ: ರೋಣ, ನರಗುಂದ, ಗಜೇಂದ್ರಗಡ

ಸಾರ್ವಜನಿಕ ಓದುಕೋಣೆಯಲ್ಲಿ ಗದ್ದಲ ತಗ್ಗಿಸಲು ಕೈಗೊಳ್ಳುವ ಕ್ರಮಗಳು ಮತ್ತು ಅವು ಬೆಳೆದುಬಂದ ಬಗೆ. ಗದಗ ಜಿಲ್ಲೆಯ ಈ ಮೂರು ಊರುಗಳು 1956ರವರೆಗೆ ಮುಂಬಯಿ ಆಡಳಿತಕ್ಕೆ, 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು.

ಓದುಕೋಣೆಯಲ್ಲಿ ಮೌನ ಇರಬೇಕೆಂಬುದು ಇಲ್ಲಿ ಹಳೆಯ ನಿಯಮವಲ್ಲ. 'ವಾಚನ' ಎಂದರೇ ಬಾಯಿಬಿಟ್ಟು ಓದುವುದು. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನ ಅಲ್ಲಿನ ಘಟಿಕಾಸ್ಥಾನದ, ಅಂದರೆ ವಿದ್ಯಾಕೇಂದ್ರದ, ಆರು ಮಂದಿ ಸರಸ್ವತಿ ಭಂಡಾರಿಗರನ್ನು ಉಲ್ಲೇಖಿಸುತ್ತದೆ. ಗ್ರಂಥ ಕಾಯುವವರಿದ್ದರೂ ಆ ಕಾಲದ ಪಾಠ ಬಹುಮಟ್ಟಿಗೆ ಬಾಯಿಪಾಠವೇ. ಗುಡಿಯ ಪುರಾಣವೂ ಹಾಗೆಯೇ; ಕಟ್ಟೆಯ ಮೇಲೆ ಅಕ್ಷರ ಬಲ್ಲವನೊಬ್ಬ ಪತ್ರಿಕೆ ಓದಿ ಹೇಳುವುದು, ಉಳಿದವರು ನಡುನಡುವೆ ವಾದಕ್ಕಿಳಿಯುವುದು ತೀರ ಈಚಿನವರೆಗೂ ಇತ್ತು. ಅದನ್ನು ಗದ್ದಲವೆಂದು ಯಾರೂ ಕರೆಯಲಿಲ್ಲ.

ಗ್ರಂಥಾಲಯತಜ್ಞ ಎಸ್.ಆರ್. ರಂಗನಾಥನ್ ಅವರ ಕರಡನ್ನು ಆಧರಿಸಿದ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1966ರ ನವೆಂಬರ್ 1ರಂದು ಜಾರಿಗೆ ಬಂತು. ಗ್ರಂಥಾಲಯ ಇಲಾಖೆಯ ಗ್ರಂಥಾಲಯಗಳೊಡನೆ 'ನಿಶ್ಶಬ್ದವಾಗಿರಿ' ಎಂಬ ಫಲಕವೂ ಬಂತು. ಆದರೂ ಪತ್ರಿಕೆಗೆಂದು ಬರುವ ಹಿರಿಯರಿಗೆ ಅದು ಗೋಡೆಯ ಮೇಲಿನ ಬರಹ ಅಷ್ಟೇ. ಮೌನವನ್ನು ನಿಜವಾಗಿ ಬೇಡಿದವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಮನೆಯಲ್ಲಿ ಜಾಗವಿಲ್ಲದೆ, ಗಜೇಂದ್ರಗಡದಂಥ ನೇಕಾರರ ಊರಿನಲ್ಲಿ ಮಗ್ಗದ ಸದ್ದು ತಪ್ಪಿಸಿಕೊಳ್ಳಲು, ಬೆಳಗಿನಿಂದ ಸಂಜೆವರೆಗೆ ಕೂರುವವರು ಇವರು. ಪತ್ರಿಕೆಯ ಮೇಜನ್ನು ಬಾಗಿಲ ಬಳಿಗೆ, ಪರೀಕ್ಷೆಯ ಓದನ್ನು ಒಳಗೋಡೆಯ ಕಡೆಗೆ ಇಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಮಾತಿಗಿಂತ ಕಾಡುವುದು ವಸ್ತುಗಳ ಸದ್ದು. ಫರಸಿಕಲ್ಲಿನ ನೆಲದ ಮೇಲೆ ಕಬ್ಬಿಣದ ಕುರ್ಚಿ ಎಳೆದರೆ ಇಡೀ ಕೋಣೆ ತಲೆಯೆತ್ತುತ್ತದೆ. ಬರಿ ಕಲ್ಲು, ಬರಿ ಗೋಡೆ ಸದ್ದನ್ನು ನುಂಗದೆ ತಿರುಗಿಸಿ ಕಳಿಸುತ್ತವೆ. ಕುರ್ಚಿಯ ಕಾಲಿಗೆ ರಬ್ಬರ್ ಬುಷ್ ಹಾಕಿದರೆ, ಇಲ್ಲವೇ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿದರೆ, ಹತ್ತು ಫಲಕ ಮಾಡದ ಕೆಲಸ ಆಗುತ್ತದೆ. ಮೊಬೈಲಿಗೆ ಮಾತ್ರ ಇನ್ನೂ "ಹೊರಗ ಹೋಗಿ ಮಾತಾಡ್ರಿ" ಎನ್ನುವುದೇ ಮದ್ದು.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ ಮುಂದೆ 'ಅರಿವು ಕೇಂದ್ರ'ಗಳಾದವು. 2020ರ 'ಓದುವ ಬೆಳಕು' ಅಭಿಯಾನ ಮಕ್ಕಳನ್ನು ಒಳಗೆ ಕರೆತಂದಿತು. ಕಥೆ ಕೇಳುವ ಮಗುವಿಗೂ ಪರೀಕ್ಷೆಗೆ ಓದುವ ಯುವಕನಿಗೂ ಒಂದೇ ಕೋಣೆ ಎಂದಾಗ ಮೌನಕ್ಕಿಂತ ವೇಳಾಪಟ್ಟಿಯೇ ಮುಖ್ಯ.

ಹೊರಗಿನ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳಿವೆ. ಮೌನವಲಯದಲ್ಲಿ ಹಗಲು 50, ರಾತ್ರಿ 40 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಿಕ್ಷಣ ಸಂಸ್ಥೆ, ನ್ಯಾಯಾಲಯಗಳ ಸುತ್ತಲಿನ ಕನಿಷ್ಠ 100 ಮೀಟರ್ ಪ್ರದೇಶವನ್ನು ಈ ನಿಯಮಗಳಡಿ ಮೌನವಲಯವೆಂದು ಘೋಷಿಸಬಹುದು. ಗ್ರಂಥಾಲಯದ ಹೆಸರು ಆ ಪಟ್ಟಿಯಲ್ಲಿಲ್ಲ.