ಹೀರೋ ಮುಖವಿಲ್ಲದ ಸಿನಿಮಾ ಪೋಸ್ಟರ್: ಕ್ಯೂಬಾದ ಗೋಡೆಗಳು ಹೇಳಿದ್ದು, ಹೇಳದೆ ಬಿಟ್ಟಿದ್ದು

ಸಿನಿಮಾ ಅಂದರೆ ಏನು? ಹುಟ್ಟಿದಾಗಿನಿಂದ ಒಂದು ಸಲವೂ ಸಿನಿಮಾ ನೋಡದವರನ್ನು ಹೀಗೆ ಕೇಳಿದರೆ ಏನು ಹೇಳಬಹುದು?

1967ರಲ್ಲಿ ಕ್ಯೂಬಾ ದೇಶದ ಪೂರ್ವ ತುದಿಯಲ್ಲಿ, ಬರಕೋವಾ ಕಡೆಯ ಗುಡ್ಡಗಾಡಿನ ಲೋಸ್ ಮುಲೋಸ್ ಎಂಬ ಹಳ್ಳಿಗೆ ಕ್ಯಾಮೆರಾ ಹಿಡಿದು ಹೋದವರು ಅಲ್ಲಿನ ಜನರನ್ನು ಇದನ್ನೇ ಕೇಳಿದರು. ಒಬ್ಬ ಹೆಂಗಸು ಸ್ವಲ್ಪ ಯೋಚಿಸಿ, ಅದೊಂದು ಸಂತೋಷಕೂಟದ ಥರ ಇರಬಹುದು ಎಂದಳು. ಆಮೇಲೆ ಕತ್ತಲಾಯಿತು. ಲಾರಿಯಲ್ಲಿ ಬಂದ ಪ್ರೊಜೆಕ್ಟರ್ ಶುರುವಾಯಿತು. ಪರದೆಯ ಮೇಲೆ ಚಾರ್ಲಿ ಚಾಪ್ಲಿನ್ ಬಂದ. ಸಿನಿಮಾ 'ಮಾಡರ್ನ್ ಟೈಮ್ಸ್'. ಕೆಲಸಗಾರರಿಗೆ ಊಟದ ಬಿಡುವೂ ಕೊಡಬಾರದು ಎಂದು ಫ್ಯಾಕ್ಟರಿ ಮಾಲೀಕ ಊಟ ತಿನ್ನಿಸುವ ಯಂತ್ರವನ್ನು ಪರೀಕ್ಷಿಸಿ ನೋಡುತ್ತಾನೆ. ಆ ಯಂತ್ರ ಕೆಟ್ಟು ಚಾಪ್ಲಿನ್ ಮುಖಕ್ಕೆಲ್ಲ ಅನ್ನ ಸಾರು ಬಳಿದ ಹಾಗೆ ಬಳಿಯುತ್ತದೆ. ಹಳ್ಳಿಯ ಮಕ್ಕಳು, ಮುದುಕರು ಬಾಯಿ ತೆರೆದುಕೊಂಡು ನೋಡುತ್ತಾರೆ, ಬಿದ್ದು ಬಿದ್ದು ನಗುತ್ತಾರೆ.

ಓಕ್ತಾವಿಯೊ ಕೊರ್ತಾಸಾರ್ ಮಾಡಿದ ಈ ಕಿರುಚಿತ್ರದ ಹೆಸರು 'ಪೋರ್ ಪ್ರಿಮೇರಾ ವೆಸ್'. 'ಮೊದಲ ಸಲ' ಎಂದರ್ಥ. ಹತ್ತು ನಿಮಿಷದಷ್ಟು ಉದ್ದ, ಕಪ್ಪು ಬಿಳುಪು. ಟೂರಿಂಗ್ ಟಾಕೀಸ್ ಟೆಂಟಿನಲ್ಲಿ ನೆಲದ ಮೇಲೆ ಕೂತು ಸಿನಿಮಾ ನೋಡಿದ ನಮ್ಮ ಹಿರಿಯರ ಕಥೆ ಕೇಳಿ ಬೆಳೆದ ನಮಗೆ ಆ ಮುಖಗಳು ಯಾವುದೋ ದೂರದ ದೇಶದವು ಅನ್ನಿಸಲಿಲ್ಲ.

ಆದರೆ ಇವತ್ತು ನಾವು ಹೇಳಹೊರಟಿರುವುದು ಸಿನಿಮಾದ ಕಥೆಯಲ್ಲ. ಆ ಸಿನಿಮಾಗಳಿಗೆ ಅಂಟಿಸಿದ ಪೋಸ್ಟರ್‌ಗಳ ಕಥೆ. 'ಪೋರ್ ಪ್ರಿಮೇರಾ ವೆಸ್'ಗೂ ಒಂದು ಪೋಸ್ಟರ್ ಇತ್ತು. ಬರೆದವರು ಎಡ್ವರ್ಡೊ ಮುನ್ಯೋಸ್ ಬಾಕ್ಸ್. ಅದರಲ್ಲೂ ಇದ್ದದ್ದು ಚಾಪ್ಲಿನ್. ಹತ್ತು ನಿಮಿಷದ ಒಂದು ಹಳ್ಳಿ ಚಿತ್ರಕ್ಕೆ ದೇಶದ ದೊಡ್ಡ ಕಲಾವಿದ ಪೋಸ್ಟರ್ ಬರೆಯುವಂತೆ ಆದದ್ದು ಹೇಗೆ?

ಮಾರುವುದು ಬೇಡ ಎಂದಾಗ

1959ರ ಜನವರಿಯಲ್ಲಿ ಕ್ಯೂಬಾದ ಸರ್ವಾಧಿಕಾರಿ ಬತಿಸ್ತಾ ಓಡಿಹೋದ. ಫಿಡೆಲ್ ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದರು. ಮೂರೇ ತಿಂಗಳಲ್ಲಿ, ಅದೇ ಮಾರ್ಚ್‌ನಲ್ಲಿ, ಸಿನಿಮಾಕ್ಕೆಂದು ಒಂದು ಸರ್ಕಾರಿ ಸಂಸ್ಥೆ ಹುಟ್ಟಿತು. ಅದರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 'ಇಕಾಯಿಕ್' ಎನ್ನುತ್ತಾರೆ.

ಅದಕ್ಕೂ ಮುಂಚೆ ಹವಾನಾ ನಗರದ ಗೋಡೆಗಳ ಮೇಲೆ ಹೆಚ್ಚಾಗಿ ಇದ್ದದ್ದು ಹಾಲಿವುಡ್ ಪೋಸ್ಟರ್‌ಗಳು. ನಾಯಕ, ನಾಯಕಿ, ಮುತ್ತು, ಪಿಸ್ತೂಲು. ಪೋಸ್ಟರ್ ಇರುವುದೇ ಟಿಕೆಟ್ ಮಾರಲು. ಯಾರ ಮುಖ ನೋಡಿ ಜನ ಬರುತ್ತಾರೋ ಅವರ ಮುಖ ದೊಡ್ಡದಾಗಿ ಹಾಕಬೇಕು. ಇದು ಇಂದಿಗೂ ಎಲ್ಲ ಕಡೆ ನಡೆಯುವ ಲೆಕ್ಕ.

ಇಕಾಯಿಕ್ ಈ ಲೆಕ್ಕವನ್ನು ಬಿಟ್ಟಿತು. ಸಿನಿಮಾ ಮಾಡುವುದು, ಹಂಚುವುದು ಎಲ್ಲವೂ ಸರ್ಕಾರದ ಕೈಯಲ್ಲಿದ್ದುದರಿಂದ ಪೈಪೋಟಿ ಇರಲಿಲ್ಲ. ಹಾಗಾಗಿ ಪೋಸ್ಟರ್ ಬರೆಯುವವರಿಗೆ ಬೇರೆ ಕೆಲಸ ಸಿಕ್ಕಿತು: ಸಿನಿಮಾ ನೋಡಿ, ಅದರ ತಿರುಳು ಏನು ಎಂದು ಯೋಚಿಸಿ, ಒಂದು ಚಿತ್ರದಲ್ಲಿ ಹೇಳಿ. ಹೊರದೇಶದ ಸಿನಿಮಾ ಬಂದರೂ ಅದರ ಜೊತೆ ಬಂದ ಪೋಸ್ಟರ್ ಬಿಟ್ಟು, ತಾವೇ ಹೊಸದಾಗಿ ಬರೆಯುತ್ತಿದ್ದರು.

ಒಂದು ಉದಾಹರಣೆ ನೋಡಿ. ಜಪಾನಿನ ಕೊಬಯಾಶಿ ನಿರ್ದೇಶಿಸಿದ 'ಹರಾಕಿರಿ' ಸಿನಿಮಾದಲ್ಲಿ ಬಡ ಯೋಧನೊಬ್ಬ ಹೊಟ್ಟೆ ಸೀಳಿಕೊಂಡು ಸಾಯುವಂತೆ ದೊಡ್ಡ ಮನೆಯವರು ಬಲವಂತ ಮಾಡುತ್ತಾರೆ. ಮಾನ ಮರ್ಯಾದೆ ಎಂಬ ಹೆಸರಿನಲ್ಲಿ ನಡೆಯುವ ಕ್ರೌರ್ಯದ ಕಥೆ. 1964ರಲ್ಲಿ ಇದಕ್ಕೆ ಪೋಸ್ಟರ್ ಮಾಡಿದವರು ಆಂತೋನಿಯೊ ಫೆರ್ನಾಂದೆಸ್ ರೆಬೊಯಿರೊ. ನಟರ ಮುಖ ಹಾಕಲಿಲ್ಲ. ಬಿಳಿ ಹಾಳೆ, ಅದರ ಮೇಲೆ ಚೆಲ್ಲಿದ ಹಾಗೆ ಒಂದು ಕೆಂಪು ಕಲೆ. ಜಪಾನಿನ ಬಾವುಟದ ಸೂರ್ಯ ಅಂದುಕೊಂಡರೆ ಸೂರ್ಯ, ರಕ್ತ ಅಂದುಕೊಂಡರೆ ರಕ್ತ. ಬೀದಿಯಲ್ಲಿ ನಡೆದುಹೋಗುವವನಿಗೆ ಅಷ್ಟು ಸಾಕು, ಮಿಕ್ಕಿದ್ದು ಅವನೇ ಊಹಿಸಿಕೊಳ್ಳುತ್ತಾನೆ ಎಂಬ ನಂಬಿಕೆ ಅದು.

ಬಡತನ ಕಲಿಸಿದ ವಿದ್ಯೆ

1962ರ ಹೊತ್ತಿಗೆ ಅಮೆರಿಕ ಕ್ಯೂಬಾದ ಜೊತೆಗಿನ ವ್ಯಾಪಾರವನ್ನು ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಿತು. ಕಾಗದಕ್ಕೆ ಬರ, ಇಂಕಿಗೆ ಬರ. ಪೋಸ್ಟರ್ ಮಾಡುವವರ ಕೈಯಲ್ಲಿದ್ದದ್ದು ಸ್ಕ್ರೀನ್ ಪ್ರಿಂಟಿಂಗ್.

ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಮದುವೆ ಕಾರ್ಡು, ಬಟ್ಟೆ ಚೀಲ, ಟೀ ಶರ್ಟಿಗೆ ಅಚ್ಚು ಹಾಕುವುದನ್ನು ನೀವು ನೋಡಿರುತ್ತೀರಿ. ಅದೇ ಇದು. ಮರದ ಚೌಕಟ್ಟಿಗೆ ತೆಳು ಬಟ್ಟೆ ಬಿಗಿದು ಕಟ್ಟುತ್ತಾರೆ. ಬಣ್ಣ ಎಲ್ಲಿ ಬೇಡವೋ ಅಲ್ಲಿ ಬಟ್ಟೆಯ ಕಣ್ಣು ಮುಚ್ಚುತ್ತಾರೆ. ಮೇಲೆ ಇಂಕು ಸುರಿದು ರಬ್ಬರ್ ಪಟ್ಟಿಯಿಂದ ಎಳೆದರೆ, ತೆರೆದ ಜಾಗದಿಂದ ಮಾತ್ರ ಬಣ್ಣ ಕೆಳಗಿನ ಹಾಳೆಗೆ ಇಳಿಯುತ್ತದೆ. ಒಂದು ಬಣ್ಣಕ್ಕೆ ಒಂದು ಅಚ್ಚು. ಮೂರು ಬಣ್ಣ ಬೇಕಾದರೆ ಮೂರು ಸಲ ಎಳೆಯಬೇಕು, ಪ್ರತಿ ಸಲವೂ ಒಣಗಿಸಬೇಕು.

ಇದರಲ್ಲಿ ಫೋಟೊದ ನವಿರು ನೆರಳುಗಳನ್ನು ತರುವುದು ಕಷ್ಟ. ಹತ್ತು ಬಣ್ಣ ಹಾಕುತ್ತೇನೆ ಅಂದರೆ ಇಂಕು ಇಲ್ಲ. ಹಾಗಾಗಿ ಚಿತ್ರ ತಾನಾಗಿಯೇ ಸರಳವಾಯಿತು: ದಪ್ಪ ಗೆರೆ, ಒಂದೇ ಹದದ ಬಣ್ಣ, ಖಾಲಿ ಜಾಗ. ಹಾಳೆಯ ಅಳತೆಯೂ ಸಾಮಾನ್ಯವಾಗಿ ಒಂದೇ, ಸುಮಾರು 51 ಸೆಂಟಿಮೀಟರ್ ಅಗಲ, 76 ಸೆಂಟಿಮೀಟರ್ ಎತ್ತರ. ಇವತ್ತು ಜಗತ್ತಿನ ಮ್ಯೂಸಿಯಂಗಳಲ್ಲಿ ಗಾಜಿನ ಹಿಂದೆ ಇಟ್ಟಿರುವ ಆ ಶೈಲಿಯ ಅರ್ಧ ಪಾಲು ಕೊರತೆಯಿಂದ ಹುಟ್ಟಿದ್ದು.

ಮುನ್ಯೋಸ್ ಬಾಕ್ಸ್ ಕೂಡ ಕಲಾಶಾಲೆಯಲ್ಲಿ ಕಲಿತವರಲ್ಲ. 1937ರಲ್ಲಿ ಸ್ಪೇನಿನಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಮನೆಯವರ ಜೊತೆ ಕ್ಯೂಬಾಕ್ಕೆ ಬಂದವರು. ಮಕ್ಕಳ ಪುಸ್ತಕಗಳಿಗೂ ಚಿತ್ರ ಬರೆದರು. ಚಾಪ್ಲಿನ್‌ನ ಟೋಪಿ, ಮೀಸೆ, ಕೋಲು ಅವರ ಪೋಸ್ಟರ್‌ಗಳಲ್ಲಿ ಮತ್ತೆ ಮತ್ತೆ ಬರುತ್ತವೆ. 2001ರಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಲೇ ಇದ್ದರು.

ಓದು ಬಂದ ಮೇಲೆ

ಪೋಸ್ಟರ್ ನೋಡುವ ಜನರಲ್ಲಿ ಎಷ್ಟು ಮಂದಿಗೆ ಓದು ಬರುತ್ತಿತ್ತು? ಕ್ರಾಂತಿಗೂ ಮುಂಚೆ ಕ್ಯೂಬಾದಲ್ಲಿ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಅಕ್ಷರ ಬರುತ್ತಿರಲಿಲ್ಲ. ಹಳ್ಳಿಗಳಲ್ಲಿ ಇನ್ನೂ ಹೆಚ್ಚು. 1961ರಲ್ಲಿ ಒಂದು ವರ್ಷ ಸಾಕ್ಷರತಾ ಆಂದೋಲನ ನಡೆಯಿತು. ಸುಮಾರು 1 ಲಕ್ಷ ಹುಡುಗ ಹುಡುಗಿಯರು ಲಾಂದ್ರ ಹಿಡಿದು ಹಳ್ಳಿಗಳಿಗೆ ಹೋದರು. ಹಗಲು ರೈತರ ಜೊತೆ ದುಡಿಮೆ, ರಾತ್ರಿ ಪಾಠ. ಸರ್ಕಾರದ ಲೆಕ್ಕದಂತೆ 7 ಲಕ್ಷಕ್ಕೂ ಹೆಚ್ಚು ಜನ ಓದು ಬರಹ ಕಲಿತರು.

ಅದರ ಹಿಂದಿನ ವರ್ಷವೇ ಸರ್ಕಾರಿ ಮುದ್ರಣಾಲಯ ತನ್ನ ಮೊದಲ ಪುಸ್ತಕವಾಗಿ ಸೆರ್ವಾಂಟಿಸ್‌ನ 'ಡಾನ್ ಕ್ವಿಕ್ಸೋಟ್' ಕಾದಂಬರಿಯನ್ನು 1 ಲಕ್ಷ ಪ್ರತಿ ಅಚ್ಚು ಹಾಕಿ ಅಗ್ಗದ ಬೆಲೆಗೆ ಮಾರಿತ್ತು. ಪುಸ್ತಕ, ಸಿನಿಮಾ, ಪೋಸ್ಟರ್ ಮೂರೂ ಒಂದೇ ದಾರಿಯಲ್ಲಿ ಹೊರಟಿದ್ದವು.

1968ರ 'ಲೂಸಿಯಾ' ಸಿನಿಮಾದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಉಂಬೆರ್ತೊ ಸೊಲಾಸ್ ನಿರ್ದೇಶನ. ಮೂರು ಕಾಲದ ಮೂವರು ಹೆಂಗಸರು, ಮೂವರ ಹೆಸರೂ ಲೂಸಿಯಾ. ಮೂರನೆಯವಳು ಕೂಲಿ ಹೆಂಗಸು. ಕ್ರಾಂತಿಯ ಪರ ಮಾತಾಡುವ ಗಂಡನೇ ಅವಳನ್ನು ಕೆಲಸಕ್ಕೆ ಕಳಿಸದೆ ಮನೆಯಲ್ಲಿ ಕೂಡಿಹಾಕುತ್ತಾನೆ. ಅಕ್ಷರ ಕಲಿಸಲು ಪಟ್ಟಣದ ಹುಡುಗನೊಬ್ಬ ಬಂದಾಗ ಮನೆಯೊಳಗೆ ಜಗಳ ಶುರು. ಈ ಸಿನಿಮಾಕ್ಕೆ ರವೂಲ್ ಮಾರ್ತಿನೆಸ್ ಮಾಡಿದ ಪೋಸ್ಟರ್‌ನಲ್ಲಿ ಹೆಂಗಸರ ಮುಖಗಳಿವೆ, ಆದರೆ ತಾರೆಯರ ಹಾಗಲ್ಲ. ಜಾತ್ರೆಯ ಅಂಗಡಿಯಷ್ಟು ಗಾಢ ಬಣ್ಣ, ದಪ್ಪ ಗೆರೆ. ನಮ್ಮ ಓಣಿಯಲ್ಲಿ ಕಾಣುವ ಮುಖಗಳ ಹಾಗೆ.

ಸಾಹಿತ್ಯವನ್ನು ಸಿನಿಮಾ ತಲೆಬಾಗಿ ಒಪ್ಪಿಕೊಂಡದ್ದೂ ಅಲ್ಲ. ಗುಲಾಮರ ಬದುಕಿನ ಬಗ್ಗೆ 19ನೇ ಶತಮಾನದಲ್ಲಿ ಬರೆದ 'ಫ್ರಾನ್ಸಿಸ್ಕೊ' ಎಂಬ ಕಾದಂಬರಿ ಇದೆ. ಗುಲಾಮನ ದುಃಖಕ್ಕೆ ಅದು ಮುಖ್ಯವಾಗಿ ಪ್ರೇಮಕಥೆಯ ಬಣ್ಣ ಕೊಡುತ್ತದೆ. 1974ರಲ್ಲಿ ಸೆರ್ಹಿಯೊ ಹಿರಾಲ್ 'ಇನ್ನೊಬ್ಬ ಫ್ರಾನ್ಸಿಸ್ಕೊ' ಎಂಬ ಸಿನಿಮಾ ಮಾಡಿ, ಅದೇ ಕಥೆಯನ್ನು ಹಿಡಿದು ಕೇಳಿದರು: ಕಬ್ಬಿನ ಗದ್ದೆಯ ದುಡಿಮೆ ಎಲ್ಲಿ? ಚಾಟಿ ಹಿಡಿದವನ ಲಾಭ ಎಷ್ಟು? ಕಬ್ಬು ಬೆಳೆಯುವ ಊರಿನವರಿಗೆ ಈ ಪ್ರಶ್ನೆಯ ತೂಕ ಗೊತ್ತಾಗುತ್ತದೆ.

ಮಡಚಿ ಕಳಿಸಿದ ಪೋಸ್ಟರ್

ಸಿನಿಮಾ ಪೋಸ್ಟರ್ ಬರೆದ ಕೈಗಳು ಹೋರಾಟದ ಪೋಸ್ಟರ್‌ಗಳನ್ನೂ ಬರೆದವು. 1967ರಲ್ಲಿ ಹವಾನಾದಲ್ಲಿ ಪ್ರತಿಭಟನೆಯ ಹಾಡುಗಾರರ ಸಮಾವೇಶ ನಡೆದಾಗ ಅಲ್ಫ್ರೆಡೊ ರೋಸ್ತ್ಗಾರ್ಡ್ ಬರೆದದ್ದು ಒಂದು ಗುಲಾಬಿ. ಅದರ ಮುಳ್ಳಿನಿಂದ ಒಂದು ಹನಿ ರಕ್ತ. ಹಾಡು ಚೆಂದ, ಚುಚ್ಚುವುದೂ ಹೌದು.

ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಹೋರಾಟಗಳ ಪರವಾಗಿ 1966ರಲ್ಲಿ ಹವಾನಾದಲ್ಲಿ ಇನ್ನೊಂದು ಸಂಸ್ಥೆ ಶುರುವಾಯಿತು. ಅದರ ಪತ್ರಿಕೆ 'ಟ್ರೈಕಾಂಟಿನೆಂಟಲ್' ಒಳಗೆ ಪೋಸ್ಟರ್ ಮಡಚಿಟ್ಟು ದೇಶ ದೇಶಗಳಿಗೆ ಕಳಿಸುತ್ತಿದ್ದರು. ವಿಯೆಟ್ನಾಂ, ಅಂಗೋಲ, ದಕ್ಷಿಣ ಆಫ್ರಿಕಾ, ಅಮೆರಿಕದ ಕರಿಯರು ಎಲ್ಲರೂ ಅದರಲ್ಲಿ ಬಂದರು. ಬರಹ ಸಾಮಾನ್ಯವಾಗಿ ನಾಲ್ಕು ಭಾಷೆಯಲ್ಲಿ: ಸ್ಪ್ಯಾನಿಷ್, ಇಂಗ್ಲಿಷ್, ಫ್ರೆಂಚ್, ಅರಬ್ಬಿ. 1968ರ ಒಂದು ಪೋಸ್ಟರ್‌ಗೆ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಕಲಾವಿದ ಎಮರಿ ಡಗ್ಲಸ್ ಅವರ ಚಿತ್ರಗಳನ್ನೇ ಬಳಸಿದರು. ಮಡಚಿದ ಗೆರೆ ಬಿಚ್ಚಿ ಗೋಡೆಗೆ ಹೊಡೆದರೆ ಸಾಕು, ಚಳವಳಿಗೆ ಒಂದು ಬಾವುಟ ಸಿಕ್ಕ ಹಾಗೆ.

ಗೋಡೆ ಹೇಳದೆ ಬಿಟ್ಟಿದ್ದು

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಅರ್ಧ ಸುಳ್ಳಾಗುತ್ತದೆ.

ಮಾರುಕಟ್ಟೆ ಇಲ್ಲದ ಕಡೆ ಕಲಾವಿದನಿಗೆ ಯಜಮಾನ ಒಬ್ಬನೇ, ಸರ್ಕಾರ. 1961ರಲ್ಲೇ ಹವಾನಾದ ರಾತ್ರಿ ಬದುಕನ್ನು ತೋರಿಸಿದ 'ಪಿ.ಎಂ.' ಎಂಬ ಪುಟ್ಟ ಸಾಕ್ಷ್ಯಚಿತ್ರವನ್ನು ತಡೆಹಿಡಿದರು. ಅದರಲ್ಲಿ ಜನ ಕುಡಿದು ಕುಣಿಯುತ್ತಾರೆ, ಅಷ್ಟೆ. ತಡೆದದ್ದು ಬೇರೆ ಯಾರೂ ಅಲ್ಲ, ಇದೇ ಇಕಾಯಿಕ್. 1965ರಿಂದ 1968ರವರೆಗೆ ಸಲಿಂಗಿಗಳನ್ನು, ಕೆಲವು ಧಾರ್ಮಿಕ ಪಂಗಡದವರನ್ನು ಹಿಡಿದು ಬಲವಂತದ ದುಡಿಮೆಯ ಕ್ಯಾಂಪುಗಳಿಗೆ ಹಾಕಿದರು. 1971ರಲ್ಲಿ ಕವಿ ಎಬರ್ತೊ ಪದಿಯಾ ಜೈಲು ಸೇರಿ, ಹೊರಬಂದು ಎಲ್ಲರೆದುರು ತಪ್ಪೊಪ್ಪಿಗೆ ಹೇಳಬೇಕಾಯಿತು. 'ಹರಾಕಿರಿ' ಪೋಸ್ಟರ್‌ನ ರೆಬೊಯಿರೊ ಮುಂದೆ ದೇಶ ಬಿಟ್ಟು ಸ್ಪೇನಿನಲ್ಲಿ ನೆಲೆಸಿದರು.

ಆ ವರ್ಷಗಳ ಲೆಕ್ಕ ಸ್ವಲ್ಪ ಗಮನಿಸಿ. ಅಮೆರಿಕದ ಕರಿಯರಿಗೆ, ವಿಯೆಟ್ನಾಂ ರೈತರಿಗೆ ನ್ಯಾಯ ಕೇಳುವ ಪೋಸ್ಟರ್‌ಗಳು ಹವಾನಾದಲ್ಲಿ ಅಚ್ಚಾಗುತ್ತಿದ್ದ ಕಾಲಕ್ಕೇ ಆ ಕ್ಯಾಂಪುಗಳೂ ನಡೆಯುತ್ತಿದ್ದವು. ದೂರದ ಅನ್ಯಾಯಕ್ಕೆ ಗೋಡೆಯ ಮೇಲೆ ಜಾಗ ಇತ್ತು. ಪಕ್ಕದ ಬೀದಿಯ ಅನ್ಯಾಯಕ್ಕೆ ಇರಲಿಲ್ಲ.

ಇದರಿಂದ ಆ ಪೋಸ್ಟರ್‌ಗಳು ಸುಳ್ಳಾದವು ಎಂದು ನಾವು ಹೇಳುವುದಿಲ್ಲ. ವಿಯೆಟ್ನಾಂ ರೈತನ ಮೇಲೆ ಬಾಂಬ್ ಬಿದ್ದದ್ದು ನಿಜ. ಲೋಸ್ ಮುಲೋಸ್ ಮಕ್ಕಳ ನಗುವೂ ನಿಜ. ಕಾಗದ ಇಂಕು ಇಲ್ಲದೆಯೂ ಒಳ್ಳೆಯ ಚಿತ್ರ ಮಾಡಬಹುದು, ಹಳ್ಳಿಯವರಿಗೆ ಅಗ್ಗದ ಮಾಲು ಸಾಕು ಎಂಬುದು ತಪ್ಪು ಎಂದು ಆ ಕಲಾವಿದರು ತೋರಿಸಿಕೊಟ್ಟದ್ದು ಸಣ್ಣ ಸಂಗತಿಯಲ್ಲ.

ಆದರೆ ನ್ಯಾಯದ ಪೋಸ್ಟರ್‌ಗೆ ಒಂದು ಪರೀಕ್ಷೆ ಇದೆ. ಅದನ್ನು ಅಂಟಿಸಿದ ಗೋಡೆಯ ಯಜಮಾನನನ್ನು ಅದು ಪ್ರಶ್ನೆ ಕೇಳಬಲ್ಲದೆ?

ನಮ್ಮ ಊರ ಬಸ್ ಸ್ಟ್ಯಾಂಡಿನಲ್ಲಿ ಇವತ್ತು ಗೋಡೆಯೇ ಕಾಣುವುದಿಲ್ಲ. ಹುಟ್ಟುಹಬ್ಬದ ಫ್ಲೆಕ್ಸು, ಸ್ವಾಗತದ ಫ್ಲೆಕ್ಸು, ಕೆಳಗೆ ಸಾಲಾಗಿ ಶುಭ ಕೋರುವವರ ಮುಖಗಳು. ಎಲ್ಲ ಬಣ್ಣವೂ ಇದೆ, ಹೇಳುವ ಮಾತು ಇಲ್ಲ. ಮುಂದಿನ ಸಲ ಶಾಲೆಯ ನಾಟಕಕ್ಕೋ, ಸಂಘದ ಸಭೆಗೋ, ನೀರಿನ ಸಮಸ್ಯೆಗೋ ನೀವು ಒಂದು ಪೋಸ್ಟರ್ ಮಾಡಬೇಕಾಗಿ ಬಂದರೆ ಯಾರ ಫೋಟೊ ಎಷ್ಟು ದೊಡ್ಡದಿರಬೇಕು ಎಂಬಲ್ಲಿಂದ ಶುರು ಮಾಡಬೇಡಿ. ಒಂದು ಹಾಳೆ, ಎರಡು ಬಣ್ಣ, ಹೇಳಬೇಕಾದ ಒಂದೇ ಮಾತು. ಅಷ್ಟು ಸಾಕು. ಆ ಮಾತು ನಮ್ಮ ಬೀದಿಯದೇ ಆಗಿರಲಿ.